ಹೊಸ ರೈಡರ್ ಬಂದವ್ನೆ

ಹೊಸಕೋಟೆ ದಾಟಿ ಚಿಂತಾಮಣಿ ರಸ್ತೆಯಲ್ಲಿ ಮುಂದೆ ಸಾಗಿದರೆ ಗೋದಾಮುಗಳ ಸಾಲು ಕಡಿಮೆಯಾಗುತ್ತ ರಾಗಿ ಹೊಲ, ಹಿಪ್ಪುನೇರಳೆ ತೋಟ, ನೀಲಗಿರಿ ತೋಪು ಒಂದರ ಹಿಂದೊಂದು ಬರತೊಡಗುತ್ತವೆ. ಅಲ್ಲೇ ನಂದಗುಡಿ, ಹೋಬಳಿ ಊರು. ಸಂಜೆಯಾದರೆ ಡೇರಿಗೆ ಹಾಲು ಹಾಕಿದವರು ಖಾಲಿ ಕ್ಯಾನನ್ನು ಬೈಕಿಗೆ ತೂಗುಹಾಕಿಕೊಂಡೇ ಟೀ ಅಂಗಡಿ ಮುಂದೆ ನಿಲ್ಲುತ್ತಾರೆ. ನರಸಾಪುರ, ಹೊಸಕೋಟೆ, ವೈಟ್‌ಫೀಲ್ಡ್ ಕಡೆ ಪಾಳಿ ಮುಗಿಸಿದ ಹುಡುಗರು ಬಸ್ಸಿಳಿಯುತ್ತಾರೆ. ಕೊರಳಿನ ಐಡಿ ಕಾರ್ಡು ಅಂಗಿಯ ಜೇಬು ಸೇರಿರುತ್ತದೆ ಅಷ್ಟೆ. ಕನ್ನಡದಲ್ಲಿ ಶುರುವಾದ ಮಾತು ನಡುವೆ ತೆಲುಗಿಗೆ ಹೊರಳಿ ಮತ್ತೆ ಕನ್ನಡಕ್ಕೆ ಬರುತ್ತದೆ. ಗಡಿ ಸೀಮೆಗೆ ಹತ್ತಿರದ ಊರು. ಯಾರಿಗೂ ಅದು ವಿಶೇಷವಲ್ಲ.

2025ರ ಆಗಸ್ಟ್ 29, ಶುಕ್ರವಾರ. ಗಣೇಶನನ್ನು ಕೂರಿಸಿ ಎರಡು ದಿನವಾಗಿತ್ತು. ಪೆಂಡಾಲಿನಲ್ಲಿ ಮಂಗಳಾರತಿ ಮುಗಿದು, ಕಡಲೆಕಾಳು ಉಸಲಿ ಹಂಚಿ, ಮೈಕ್‌ಸೆಟ್ಟಿನವನು ಹಾಡು ನಿಲ್ಲಿಸಿದ್ದ. ಪೆಂಡಾಲಿನ ಪಕ್ಕದ ಗೋಡೆಗೆ ಬಿಳಿ ಪಂಚೆ ಬಿಗಿದು ಪ್ರೊಜೆಕ್ಟರ್ ಇಟ್ಟಿದ್ದರು. ಪ್ರೊ ಕಬಡ್ಡಿಯ 12ನೇ ಆವೃತ್ತಿ ಅಂದು ವಿಶಾಖಪಟ್ಟಣದಲ್ಲಿ ಶುರುವಾಗುವುದಿತ್ತು. ಮೊದಲ ದಿನವೇ ಬೆಂಗಳೂರು ಬುಲ್ಸ್ ಪಂದ್ಯ, ಎದುರಾಳಿ ಪುಣೇರಿ ಪಲ್ಟನ್. ನೆಲಕ್ಕೆ ಹಾಸಿದ ಟಾರ್ಪಾಲಿನ ಮೇಲೆ ಮುಂದಿನ ಸಾಲಿಗೆ ಮಕ್ಕಳು, ಅವರ ಹಿಂದೆ ಪಡ್ಡೆ ಹುಡುಗರು, ಅದಕ್ಕೂ ಹಿಂದೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ದೊಡ್ಡವರು. ಮನೆ ಜಗಲಿಗಳ ಮೇಲೆ ಹೆಂಗಸರು ಹೂವು ಕಟ್ಟುತ್ತ ಕೂತಿದ್ದರು. ಬೆರಳು ದಾರದ ಮೇಲೆ, ಕಣ್ಣು ಪಂಚೆಯ ಮೇಲೆ.

‘ಹೊಸ ರೈಡರ್ ಬಂದವ್ನಂತೆ ಕಣಣ್ಣ.’

‘ಬರ್ಲಿ ಬುಡು. ಹೋದ ಸಲ ಬಂದೋರೆಲ್ಲ ಏನ್ ಕಿಸುದ್ರು?’

ಈ ಎರಡು ಮಾತಿನ ನಡುವೆ ಒಂದಿಡೀ ವರ್ಷದ ನೋವಿತ್ತು. 2024ರ 11ನೇ ಆವೃತ್ತಿಯಲ್ಲಿ ಬುಲ್ಸ್ 22 ಪಂದ್ಯ ಆಡಿ ಗೆದ್ದದ್ದು 2. ಪಟ್ಟಿಯ ಕಟ್ಟಕಡೆಯ ಸ್ಥಾನ. ಆ ವರ್ಷ ತಂಡವನ್ನು ಮುನ್ನಡೆಸಿದವನು ಪ್ರದೀಪ್ ನರ್ವಾಲ್. ಕಬಡ್ಡಿ ನೋಡುವವರಿಗೆ ಆ ಹೆಸರು ಹೇಳಿದ ಮೇಲೆ ವಿವರಣೆ ಬೇಕಿಲ್ಲ. ಹರಿಯಾಣದ ಹುಡುಗನಾಗಿ 2015ರಲ್ಲಿ ಈ ಲೀಗಿಗೆ ಕಾಲಿಟ್ಟದ್ದೇ ಬುಲ್ಸ್ ಅಂಗಿ ತೊಟ್ಟು. ಆಮೇಲೆ ಪಟ್ನಾ ಪೈರೇಟ್ಸ್ ಸೇರಿ ಮೂರು ಸಲ ಸತತವಾಗಿ ಕಪ್ ಗೆದ್ದ. 2017ರ ಒಂದೇ ಆವೃತ್ತಿಯಲ್ಲಿ ರೈಡಿನಿಂದಲೇ 369 ಅಂಕ ತಂದ. ಲೀಗಿನಲ್ಲಿ ಅವನಷ್ಟು ರೈಡ್ ಅಂಕ ಗಳಿಸಿದವನು ಮತ್ತೊಬ್ಬನಿಲ್ಲ. ಅಂಥವನು 2024ರಲ್ಲಿ 70 ಲಕ್ಷಕ್ಕೆ ಬೆಂಗಳೂರಿಗೆ ವಾಪಸ್ ಬಂದಾಗ ನಂದಗುಡಿಯ ಟೀ ಅಂಗಡಿಯಲ್ಲಿ ಕಪ್ಪೇ ಬಂದಷ್ಟು ಸಂಭ್ರಮ. ಬಂದದ್ದು ಮಾತ್ರ ಸಾಲು ಸೋಲು. 2025ರ ಬೇಸಿಗೆಯ ಹರಾಜಿನಲ್ಲಿ ಅವನ ಹೆಸರು ಕೂಗಿದಾಗ ಯಾವ ತಂಡವೂ ಕೈ ಎತ್ತಲಿಲ್ಲ. ಪ್ರದೀಪ್ ಆಟಕ್ಕೆ ವಿದಾಯ ಹೇಳಿಬಿಟ್ಟ.

ಕುರ್ಚಿಗಳ ಸಾಲಿನ ತುದಿಯಲ್ಲಿ ಕೂತಿದ್ದವರು ಈ ಊರಿನ ಹಳೆಯ ರೈಡರು. ನಲವತ್ತು ದಾಟಿದ ವಯಸ್ಸು, ಬಲ ಮಂಡಿಯನ್ನು ನೀಡಿಕೊಂಡೇ ಕೂರಬೇಕು. ಒಂದು ಕಾಲದಲ್ಲಿ ಸುತ್ತಲ ಹಳ್ಳಿಗಳ ಜಾತ್ರೆ ಪಂದ್ಯಗಳಲ್ಲಿ ಇವರ ಹೆಸರು ಮೈಕಿನಲ್ಲಿ ಬಂದರೆ ಜನ ಹಗ್ಗ ದಾಟಿ ನುಗ್ಗುತ್ತಿದ್ದರಂತೆ. ಈಗ ತರಕಾರಿ ಬೆಳೆಯುತ್ತಾರೆ, ಹುಡುಗರಿಗೆ ಹೇಳಿಕೊಡುತ್ತಾರೆ. ಪ್ರದೀಪನ ವಿಷಯ ಬಂದರೆ ಅವರಿಗೆ ಕೂತಲ್ಲಿ ಕೂರಲಾಗುವುದಿಲ್ಲ. ಅವನ ಡುಬ್ಕಿಯನ್ನು ಎದ್ದು ತೋರಿಸಿಯೇ ತೀರಬೇಕು.

‘ಡುಬ್ಕಿ ಅಂದ್ರೆ ಬಗ್ಗೋದು ಅನ್ಕೊಂಡವ್ರೆ ಎಲ್ರೂ. ಬಗ್ಗೋದು ಯಾವನಾದ್ರೂ ಬಗ್ತಾನೆ. ಇಬ್ರು ಕೈ ಕೈ ಹಿಡ್ಕೊಂಡು ಚೈನ್ ಆಗಿ ಮೇಲೆ ಬೀಳ್ತಾರಲ್ಲ, ಅವರ ಭಾರ ಮುಂದಕ್ಕೆ ಬಂದಿರ್ತದೆ. ಆ ಗಳಿಗೆನಲ್ಲಿ ಅವರ ತೋಳಿನ ಕೆಳಗೆ ತೂರ್ಕೋಬೇಕು. ಒಂದು ಚೂರು ಮುಂಚೆ ಬಗ್ಗಿದ್ರೆ ಬೆನ್ನ ಮೇಲೆ ಕೂರ್ತಾರೆ. ಒಂದು ಚೂರು ಲೇಟಾದ್ರೆ ಸೊಂಟ ಸಿಕ್ತದೆ. ಅವನಿಗೆ ಆ ಗಳಿಗೆ ಗೊತ್ತಿತ್ತು ಕಣ್ರೋ.’

ಅವರ ಮಂಡಿ ಅಷ್ಟು ಬಗ್ಗಲಿಲ್ಲ. ಬಗ್ಗಿದಷ್ಟರಲ್ಲೇ ಆ ತೂರುವಿಕೆ ಕಣ್ಣಿಗೆ ಕಟ್ಟಿತು. ಮುಂದೆ ಕೂತಿದ್ದ ಮಕ್ಕಳು ಪಂಚೆ ಬಿಟ್ಟು ಇವರ ಕಡೆ ತಿರುಗಿದ್ದರು.

ಹಳಬನ ಮೇಲೆ ಇಷ್ಟು ಪ್ರೀತಿ ಇಟ್ಟುಕೊಂಡೇ ಇವರು ಹೊಸಬನಿಗೆ ಕಾಯುತ್ತಿದ್ದರು. ಈ ಕಾಯುವಿಕೆಗೆ ನಂದಗುಡಿಯಲ್ಲಿ ಹಳೆಯ ಚರಿತ್ರೆಯಿದೆ, ಅದು ಶುರುವಾಗುವುದು 2018ರಿಂದ. ಆಗ ಬುಲ್ಸ್ ನಾಯಕ ರೋಹಿತ್ ಕುಮಾರ್. ಹಿಂದಿನ ವರ್ಷವಷ್ಟೇ ಯುಪಿ ಯೋಧಾ ಮೇಲೆ ಒಂದೇ ಪಂದ್ಯದಲ್ಲಿ 30 ರೈಡ್ ಅಂಕ ಬಾರಿಸಿದ್ದವನು. ಎದುರಾಳಿಯನ್ನು ನಿಧಾನವಾಗಿ ಮೂಲೆಗೆ ತಳ್ಳಿ, ಕಾಲು ಚಾಚಿ, ಕೈ ಬೀಸಿ, ಲೆಕ್ಕ ಹಾಕಿ ಆಡುವ ಆಟಗಾರ. ಅದೇ ತಂಡದಲ್ಲಿ ಪವನ್ ಸೆಹ್ರಾವತ್ ಎಂಬ ಹುಡುಗನೂ ಇದ್ದ. ಆ ಮೊದಲು ಗುಜರಾತ್ ತಂಡದ ಬೆಂಚಿನಲ್ಲೇ ಹೆಚ್ಚು ಹೊತ್ತು ಕೂತು ಬಂದಿದ್ದ. 6ನೇ ಆವೃತ್ತಿ ಮುಗಿಯುವಷ್ಟರಲ್ಲಿ ಅವನ ಲೆಕ್ಕಕ್ಕೆ 271 ರೈಡ್ ಅಂಕ. 2019ರ ಜನವರಿ 5ರ ಫೈನಲ್ ಮುಂಬೈಯಲ್ಲಿ ನಡೆಯಿತು. ಗುಜರಾತ್ ಎದುರು ಅರ್ಧ ವೇಳೆಗೆ ಹಿಂದಿದ್ದ ಬುಲ್ಸ್ 38-33ರಿಂದ ಗೆದ್ದಾಗ ಅದರಲ್ಲಿ 22 ಅಂಕ ಪವನನದು. ತನ್ನನ್ನು ಬೆಂಚಿನಲ್ಲಿ ಕೂರಿಸಿದ್ದ ತಂಡದ ಮೇಲೇ.

ಆ ರಾತ್ರಿಯನ್ನು ಊರು ಇನ್ನೂ ಹೇಳಿಕೊಳ್ಳುತ್ತದೆ. ನನಗೆ ಮನಸ್ಸಿಗೆ ಹತ್ತಿರವಾದದ್ದು ಅವರು ಅದನ್ನು ಹೇಳುವ ರೀತಿ. ಪವನನ 22 ಅಂಕವನ್ನು ಎಲ್ಲರೂ ಹೇಳುತ್ತಾರೆ. ಜೊತೆಗೇ ರೋಹಿತನ ಹೆಸರನ್ನೂ ಎತ್ತುತ್ತಾರೆ. ನಾಯಕನಾಗಿದ್ದೂ ತಾನು ಹೋಗಬೇಕಾದ ರೈಡಿಗೆ ಹುಡುಗನನ್ನು ಕಳಿಸಿದ. ಎರಡು ಖಾಲಿ ರೈಡ್ ಆದ ಮೇಲೆ ಬರುವ ಡೂ ಆರ್ ಡೈ ಹೊತ್ತಿನಲ್ಲೂ ಹುಡುಗನ ಬೆನ್ನು ತಟ್ಟಿದ. ‘ಜಾಗ ಬುಡೋದು ಸುಮ್ನೆ ಅಲ್ಲ’ ಎನ್ನುತ್ತಾರೆ ಹಳೆಯ ರೈಡರು. ತನ್ನ ಮೇಲಿದ್ದ ಕಣ್ಣುಗಳೆಲ್ಲ ಪಕ್ಕದ ಹುಡುಗನ ಮೇಲೆ ಹೊರಳುತ್ತಿವೆ ಎಂದು ಗೊತ್ತಿದ್ದೂ ಅವನ ಪಕ್ಕದಲ್ಲೇ ನಿಂತು ಆಡಿದ್ದು ರೋಹಿತನ ದೊಡ್ಡ ಆಟ ಎಂದು ಇಲ್ಲಿ ಬಹಳ ಜನ ನಂಬುತ್ತಾರೆ. ನಾನೂ ನಂಬುತ್ತೇನೆ.

ಮುಂದಿನ ಆವೃತ್ತಿಯಲ್ಲಿ, 2019ರ ಗಾಂಧಿ ಜಯಂತಿಯ ದಿನ ಪವನ್ ಹರಿಯಾಣ ಸ್ಟೀಲರ್ಸ್ ಮೇಲೆ 39 ರೈಡ್ ಅಂಕ ಗಳಿಸಿದ. ಹಬ್ಬದ ರಜೆಯಲ್ಲಿ ಊರೆಲ್ಲ ಮನೆಯಲ್ಲೇ ಇತ್ತು, ಆ ಪಂದ್ಯ ನೋಡದವನು ಯಾರೂ ಇಲ್ಲ ಎನ್ನುತ್ತಾರೆ. ಕೊರೊನಾ ಬಂದ ಮೇಲೆ 8ನೇ ಆವೃತ್ತಿಯ ಪಂದ್ಯಗಳನ್ನೆಲ್ಲ ವೈಟ್‌ಫೀಲ್ಡಿನ ಶೆರಟನ್ ಹೋಟೆಲಿನೊಳಗೆ, ಒಬ್ಬ ಪ್ರೇಕ್ಷಕನೂ ಇಲ್ಲದೆ ಆಡಿಸಿದರು. 2021ರ ಡಿಸೆಂಬರಿನಿಂದ 2022ರ ಫೆಬ್ರುವರಿವರೆಗೆ. ನಂದಗುಡಿಯ ಎಷ್ಟೋ ಹುಡುಗರು ಆ ಹೋಟೆಲಿನ ಮುಂದಿನ ರಸ್ತೆಯಲ್ಲೇ ಕೆಲಸಕ್ಕೆ ಹೋಗಿ ಬರುತ್ತಿದ್ದರು. ಗೋಡೆಯಾಚೆ ಪವನ್ ರೈಡ್ ಮಾಡುತ್ತಿದ್ದಾನೆ, ಗೋಡೆಯೀಚೆ ಇವರು ಬಸ್ಸಿಗೆ ಕಾಯುತ್ತ ಮೊಬೈಲಿನಲ್ಲಿ ಅದನ್ನೇ ನೋಡುತ್ತಿದ್ದಾರೆ. ಆಮೇಲೆ 2022ರ ಹರಾಜಿನಲ್ಲಿ ತಮಿಳ್ ತಲೈವಾಸ್ ಅವನನ್ನು 2.26 ಕೋಟಿ ರೂಪಾಯಿಗೆ ಕೊಂಡುಹೋಯಿತು. ಬುಲ್ಸ್ 1.70 ಕೋಟಿ ಕೊಟ್ಟು ವಿಕಾಸ್ ಕಂಡೋಲಾನನ್ನು ತಂದಿತು. ಆದರೆ ಆ ಆವೃತ್ತಿಯಲ್ಲಿ ಅಂಕದ ಮೇಲೆ ಅಂಕ ತಂದವನು ಸದ್ದಿಲ್ಲದೆ ಬೆಳೆಯುತ್ತಿದ್ದ ಭರತ್ ಎಂಬ ಹುಡುಗ. ಸೆಮಿಫೈನಲ್‌ವರೆಗೆ ಹೊತ್ತುಕೊಂಡು ಹೋದ. ‘ದುಡ್ಡು ನೋಡಿ ಬರಲ್ಲ ಆಟ’ ಎಂದು ಆ ವರ್ಷ ಟೀ ಅಂಗಡಿಯಲ್ಲಿ ತೀರ್ಮಾನವಾಗಿತ್ತು.

ಪಂಚೆಯ ಮೇಲೆ ಪಂದ್ಯ ಶುರುವಾಯಿತು. ಕಪ್ಪು ಕೆಂಪು ಅಂಗಿಯ ಏಳು ಜನ. ಬಹಳಷ್ಟು ಮುಖಗಳು ಹೊಸವು. ತರಬೇತುದಾರರ ಜಾಗದಲ್ಲಿ ಕೂತ ಮುಖ ಮಾತ್ರ ಎಲ್ಲರಿಗೂ ಗೊತ್ತು: ಬಿ.ಸಿ. ರಮೇಶ್. ಅರ್ಜುನ ಪ್ರಶಸ್ತಿ ಪಡೆದ ಕನ್ನಡಿಗ. 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೆ, 2024ರ ಮಾರ್ಚಿನಲ್ಲಿ ಪುಣೇರಿ ಪಲ್ಟನ್‌ಗೆ ಕಪ್ ಗೆಲ್ಲಿಸಿಕೊಟ್ಟವರು ಅಂದು ಅದೇ ಪುಣೇರಿಯ ಎದುರು ಬೆಂಗಳೂರಿನ ಕಡೆ ನಿಂತಿದ್ದರು. ಕ್ಯಾಮೆರಾ ಅವರನ್ನು ತೋರಿಸಿದಾಗ ಹಿಂದಿನ ಕುರ್ಚಿಗಳಿಂದ ಚಪ್ಪಾಳೆ ಬಂತು, ಮುಂದಿನ ಟಾರ್ಪಾಲಿನಿಂದ ಶಿಳ್ಳೆ ಬಂತು.

ನಲವತ್ತು ನಿಮಿಷದ ಆಟ 32-32ರಲ್ಲಿ ನಿಂತಿತು. ಲೀಗ್ ಹಂತದ ಸಮಬಲದ ಪಂದ್ಯಕ್ಕೂ ಟೈ ಬ್ರೇಕರ್ ಆಡಿಸುವ ನಿಯಮ ಆ ವರ್ಷ ಹೊಸದಾಗಿ ಬಂದಿತ್ತು. ಎರಡೂ ಕಡೆ ಐದೈದು ರೈಡ್. ಇಡೀ ಟಾರ್ಪಾಲು ಎದ್ದು ನಿಂತಿತು, ಹಿಂದಿನವರಿಗೆ ಏನೂ ಕಾಣದೆ ಅವರು ಕುರ್ಚಿಗಳ ಮೇಲೆ ಹತ್ತಿದರು. ಜಗಲಿಯ ಮೇಲೆ ಹೂವಿನ ಕೆಲಸ ನಿಂತೇಹೋಯಿತು. ಬುಲ್ಸ್ ಸೋತಿತು. ಯಾರೂ ಬೈಯಲಿಲ್ಲ. ಹಿಂದಿನ ವರ್ಷ ಇಂಥ ಸೋಲಿಗೆ ಟಿ.ವಿ. ಆರಿಸಿ ಎದ್ದು ಹೋಗುತ್ತಿದ್ದವರು ಈ ರಾತ್ರಿ ಪ್ರೊಜೆಕ್ಟರ್ ಆರಿದ ಮೇಲೂ ಮುಕ್ಕಾಲು ಗಂಟೆ ಅಲ್ಲೇ ನಿಂತು ಮಾತಾಡಿದರು. ‘ಓಡ್ತಾವ್ರೆ ಕಣಣ್ಣ, ಕಾಲ್ನಾಗೆ ಜೀವ ಐತೆ’ ಎಂದ ಒಬ್ಬ. ಅದಕ್ಕಿಂತ ದೊಡ್ಡ ಮೆಚ್ಚುಗೆ ಈ ಸೀಮೆಯಲ್ಲಿಲ್ಲ.

ಮುಂದಿನ ವಾರಗಳಲ್ಲಿ ಆ ಮಾತು ನಿಜವಾಯಿತು. ಮೊದಲಿನ ಸೋಲುಗಳು ಮುಗಿದು ಗೆಲುವು ಶುರುವಾದಂತೆ ಎರಡು ಹೆಸರು ಊರಿನ ಬಾಯಿಗೆ ಬಂದವು. ಒಂದು ಅಲಿರೆಜಾ ಮಿರ್ಜಾಯಿಯಾನ್. ಇರಾನಿನ ಹುಡುಗ. ಪೂರ್ತಿ ಹೆಸರು ನಾಲಿಗೆಗೆ ಒಗ್ಗದೆ ‘ಅಲಿ’ ಎಂದೇ ಆಯಿತು. ಇರಾನಿನಿಂದ ಬಂದವರೆಂದರೆ ಹಿಡಿಯುವವರು ಎಂಬ ಭಾವನೆ ನಮ್ಮಲ್ಲಿ ಬೇರೂರಿತ್ತು. ಫಜಲ್ ಅತ್ರಾಚಲಿಯ ಕಣಕಾಲು ಹಿಡಿತಕ್ಕೆ ಸಿಕ್ಕಿ ನಮ್ಮ ಎಷ್ಟು ರೈಡರುಗಳು ಮ್ಯಾಟಿನ ಮೇಲೆ ಬಿದ್ದಿಲ್ಲ! 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ ಸೆಮಿಫೈನಲ್‌ನಲ್ಲಿ ಭಾರತವನ್ನು ಸೋಲಿಸಿ ಚಿನ್ನ ಗೆದ್ದದ್ದೂ ಅವರೇ. ಆ ನೆಲದಿಂದ ಬಂದವನೊಬ್ಬ ರೈಡರಾಗಿ ಬೆಂಗಳೂರಿನ ಮುಖ್ಯ ಬಲವಾಗಿ ನಿಲ್ಲುತ್ತಾನೆ ಎಂದರೆ ಮೊದಲು ನಂಬಿಕೆಯೇ ಬರಲಿಲ್ಲ. ಇನ್ನೊಂದು ಹೆಸರು ಗಣೇಶ ಹನಮಂತಗೋಳ. ಕೇಳಿದೊಡನೆ ಉತ್ತರ ಕರ್ನಾಟಕದ ಹೊಲದ ವಾಸನೆ ಬರುವ ಹೆಸರು. ಬೆಂಗಳೂರು ತಂಡ ಎನ್ನುತ್ತ ಎನ್ನುತ್ತ ಉತ್ತರ ಭಾರತದ ಆಟಗಾರರನ್ನೇ ವರ್ಷಗಟ್ಟಲೆ ಆರಾಧಿಸಿದ ಜನಕ್ಕೆ ರೈಡಿಗೆ ಹೋಗುವ ಕನ್ನಡದ ಹುಡುಗನೊಬ್ಬ ಸಿಕ್ಕಿದ್ದು ಸಣ್ಣ ಸಂತೋಷವಲ್ಲ. ಅವನು ಒಂದು ಬೋನಸ್ ತಂದರೂ ಟೀ ಅಂಗಡಿಯಲ್ಲಿ ಮೂರು ಅಂಕದ ಸೂಪರ್ ರೈಡಿಗೆ ಆಗುವಷ್ಟು ಗದ್ದಲ.

ಇವರು ಹೊಸಬನಲ್ಲಿ ಏನು ನೋಡುತ್ತಾರೆ ಎಂದು ಗಮನಿಸಿದರೆ ಕಬಡ್ಡಿಯ ಅರ್ಧ ಪಾಠ ಅಲ್ಲೇ ಆಗುತ್ತದೆ. ಟಿ.ವಿ. ಅಂಕ ತೋರಿಸುತ್ತದೆ. ಇವರ ಕಣ್ಣು ಕಾಲಿನ ಮೇಲಿರುತ್ತದೆ. ಮಧ್ಯದ ಗೆರೆ ದಾಟುವಾಗ ಯಾವ ಕಾಲು ಮುಂದಿಟ್ಟ, ಎಡ ಮೂಲೆಯವನಿಗೆ ಬೆನ್ನು ಕೊಟ್ಟನೇ, ಎದುರು ಆರು ಜನ ಇರುವಾಗ ಬೋನಸ್ ಗೆರೆಗೆ ಕಾಲು ಎಸೆದವನ ಹಿಂದಿನ ಕಾಲು ನೆಲ ಬಿಟ್ಟಿತ್ತೇ, ಮೂವತ್ತು ಸೆಕೆಂಡಿನಲ್ಲಿ ಇಪ್ಪತ್ತನ್ನು ಸುಮ್ಮನೆ ಕಳೆದನೇ. ಎಲ್ಲಕ್ಕಿಂತ ಹೆಚ್ಚಾಗಿ ಮುಟ್ಟಿದ ಮೇಲೆ ವಾಪಸ್ ಹೇಗೆ ಬರುತ್ತಾನೆ ಎಂಬುದು. ಮುಟ್ಟುವುದು ಧೈರ್ಯದ ಕೆಲಸ, ವಾಪಸ್ ಬರುವುದು ವಿದ್ಯೆಯ ಕೆಲಸ ಎಂದು ಹಳೆಯ ರೈಡರು ಹುಡುಗರಿಗೆ ಹೇಳುತ್ತಿರುತ್ತಾರೆ. ಬೆನ್ನು ತಿರುಗಿಸಿ ಓಡಿದವನ ಸೊಂಟ ಸಿಗುತ್ತದೆ. ಎದುರಾಳಿಯ ಕಣ್ಣು ನೋಡುತ್ತಲೇ ಹಿಂದೆ ಹಿಂದೆ ಹೆಜ್ಜೆಯಿಟ್ಟವನು ಉಳಿಯುತ್ತಾನೆ. ಅಲಿ ಹೀಗೆ ಬರುತ್ತಾನೆ ಎಂದು ಒಪ್ಪಿಕೊಂಡ ದಿನ ಅವರು ಕುರ್ಚಿಯನ್ನು ಎರಡು ಮೊಳ ಮುಂದಕ್ಕೆ ಎಳೆದುಕೊಂಡು ಕೂತರು.

ಹಳಬ ಹೋಗಿ ಹೊಸಬ ಬರುವ ಈ ತವಕ ಎಲ್ಲ ಆಟಕ್ಕೂ ಇದೆ. ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ, ಕೈಯಲ್ಲಿ ಚೆಂಡು ಹಿಡಿದು ಆಡುವ ಆಟದಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬ ಒಬ್ಬನ ಕೈಯಲ್ಲಿ ತಂಡದ ಹಣೆಬರಹ ಇರುತ್ತದೆ. ಪ್ರತಿ ದಾಳಿಯೂ ಅವನಿಂದಲೇ ಶುರು. ಗ್ರೀನ್ ಬೇ ಎಂಬ ಸುಮಾರು ಒಂದು ಲಕ್ಷ ಜನರ ಊರಿನ ತಂಡದಲ್ಲಿ ಬ್ರೆಟ್ ಫಾರ್ವ್ ಹದಿನಾರು ಋತು ಆ ಜಾಗದಲ್ಲಿದ್ದ. 2008ರಲ್ಲಿ ಆರನ್ ರಾಡ್ಜರ್ಸ್ ಬಂದ, 2023ರಲ್ಲಿ ಜಾರ್ಡನ್ ಲವ್ ಬಂದ. ಅಲ್ಲಿನ ಜನ ಎರಡು ಸಲವೂ ಹಳಬನನ್ನು ಕಳಿಸಿಕೊಟ್ಟು ಹೊಸಬನಿಗೆ ಒಗ್ಗಿಕೊಳ್ಳಬೇಕಾಯಿತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಸಂಗತಿ: ರಾಡ್ಜರ್ಸ್ ಮೂರು ವರ್ಷ, ಲವ್ ಕೂಡ ಮೂರು ವರ್ಷ, ಹಿರಿಯನ ಹಿಂದೆ ಬೆಂಚಿನಲ್ಲಿ ಕೂತು ಕಲಿತರು. ನಮ್ಮ ಕಬಡ್ಡಿ ಹರಾಜಿನಲ್ಲಿ ಆ ಬಿಡುವಿಲ್ಲ. ಒಂದು ಮಧ್ಯಾಹ್ನದಲ್ಲಿ ಹಿರಿಯ ಒಂದು ದಿಕ್ಕಿಗೆ, ಕಿರಿಯ ಇನ್ನೊಂದು ದಿಕ್ಕಿಗೆ. ಪ್ರದೀಪನಿಂದ ಆ ಡುಬ್ಕಿಯ ಗಳಿಗೆಯನ್ನು ಪಕ್ಕದಲ್ಲಿ ನಿಂತು ಕಲಿಯುವ ಅವಕಾಶ ಬುಲ್ಸ್‌ನ ಹೊಸ ಹುಡುಗರಿಗೆ ಸಿಗಲೇ ಇಲ್ಲ. ಹತ್ತು ವರ್ಷ ಆಟಕ್ಕೆ ಮೆರುಗು ಕೊಟ್ಟವನೊಬ್ಬ ಹರಾಜಿನ ಮೌನದಲ್ಲಿ ಮುಗಿದುಹೋಗಬಾರದು. ಹಿರಿಯ ರೈಡರುಗಳನ್ನು ಎರಡು ವರ್ಷವಾದರೂ ಹುಡುಗರ ಜೊತೆ ಉಳಿಸಿಕೊಳ್ಳುವ ದಾರಿಯನ್ನು ತಂಡಗಳು ಹುಡುಕಲೇಬೇಕು.

ಊರಿನ ಅಂಕಣದಲ್ಲಿ ಆ ದಾರಿ ಇನ್ನೂ ಇದೆ. ದಸರಾ ರಜೆಯ ಒಂದು ಸಂಜೆ ಕೆಮ್ಮಣ್ಣಿನ ಬಯಲನ್ನು ಕಲ್ಲು ಆಯ್ದು, ನೀರು ಚಿಮುಕಿಸಿ, ಸುಣ್ಣದ ಪುಡಿಯಲ್ಲಿ ಗೆರೆ ಎಳೆದಿದ್ದರು. ಲೀಗಿನ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಇಲ್ಲಿ ಹೆಜ್ಜೆ ಹಾಕಿ ಅಳೆದಿದ್ದೇ ಅಳತೆ. ನಾಲ್ಕು ಮೂಲೆಗೆ ಕಂಬ ನೆಟ್ಟು ಎಲ್‌ಇಡಿ ಲೈಟು. ಅತ್ತ ಕಡೆ ರಾಗಿ ತೆನೆ ಬಿಡುತ್ತಿದ್ದ ಹೊಲ. ಪಕ್ಕದೂರಿನ ತಂಡದ ಜೊತೆ ಸೌಹಾರ್ದದ ಆಟ, ಆದರೂ ಮುನ್ನೂರು ಜನ ಸೇರಿದ್ದರು.

ಊರಿನ ತಂಡದಲ್ಲಿ ಇಷ್ಟು ವರ್ಷ ಮೊದಲ ರೈಡಿಗೆ ಹೋಗುತ್ತಿದ್ದವನು ಮೂವತ್ತೆರಡು ಮೂವತ್ತಮೂರರ ಒಬ್ಬ ಗಟ್ಟಿ ಆಳು, ಹಾಲಿನ ಗಾಡಿ ಓಡಿಸುತ್ತಾನೆ. ಭುಜ ಜಾರಿ ಒಮ್ಮೆ ಕಟ್ಟು ಹಾಕಿಸಿಕೊಂಡಿದ್ದ. ಆ ಸಂಜೆ ಟಾಸ್ ಗೆದ್ದ ಮೇಲೆ ಅವನು ಗೆರೆಯ ಹತ್ತಿರ ಬಂದು ನಿಂತ. ಜನ ಹೆಸರು ಹಿಡಿದು ಕೂಗಿದರು. ಅವನು ತಿರುಗಿ, ಹಿಂದೆ ನಿಂತಿದ್ದ ಪಿಯುಸಿ ಓದುವ ಹುಡುಗನ ಕೈ ಹಿಡಿದು ಮುಂದಕ್ಕೆ ಎಳೆದು ತಾನು ಬಲಗಡೆಯ ಕವರ್ ಜಾಗಕ್ಕೆ ಹೋದ.

‘ನೀನ್ ಹೋಗ್ ಮಗಾ. ಮೂಲೆನವನು ಎಡಗೈ ಆಟದವನು, ಆಚೆ ಹೋಗ್ಬೇಡ. ಮೊದಲ್ನೇ ರೈಡು, ಸುಮ್ನೆ ನೋಡ್ಕೊಂಡ್ ಬಾ.’

ಹುಡುಗ ನೆಲ ಮುಟ್ಟಿ ಹಣೆಗೆ ಒತ್ತಿಕೊಂಡು ‘ಕಬಡ್ಡಿ ಕಬಡ್ಡಿ’ ಎನ್ನುತ್ತ ನುಗ್ಗಿದ. ಸುಮ್ಮನೆ ನೋಡಿಕೊಂಡು ಬಾ ಎಂದಿದ್ದನ್ನು ಕೇಳುವ ವಯಸ್ಸಲ್ಲ. ಎರಡು ಸಲ ಬಲಕ್ಕೆ ತೂಗಿ, ಚಕ್ಕನೆ ಎಡಕ್ಕೆ ಕಾಲು ಬೀಸಿ ಒಬ್ಬನ ಮೊಣಕಾಲು ಸವರಿದ. ಅಷ್ಟರಲ್ಲಿ ಚೈನ್ ಬಂತು. ಅವನು ಬಗ್ಗಿದ. ಒಂದು ಚೂರು ಮುಂಚೆ ಬಗ್ಗಿಬಿಟ್ಟಿದ್ದ. ಇಬ್ಬರೂ ಬೆನ್ನ ಮೇಲೆ ಬಿದ್ದರು. ಆ ಭಾರವನ್ನು ಹೊತ್ತುಕೊಂಡೇ ಉಗುರಿನಿಂದ ಮಣ್ಣು ಕೆರೆಯುತ್ತ ಬೆರಳ ತುದಿಯನ್ನು ಸುಣ್ಣದ ಗೆರೆಗೆ ತಾಗಿಸಿದ. ಸೀಟಿ ಊದಿತು. ಮೂರು ಅಂಕ. ಮುನ್ನೂರು ಜನರ ಕೂಗಿಗೆ ರಸ್ತೆಯಲ್ಲಿ ಹೋಗುತ್ತಿದ್ದ ಚಿಂತಾಮಣಿ ಬಸ್ಸು ನಿಧಾನವಾಯಿತು. ಮೊದಲು ಓಡಿ ಬಂದು ಹುಡುಗನನ್ನು ಎತ್ತಿಕೊಂಡವನು ಹಾಲಿನ ಗಾಡಿಯವನೇ. ಹಳೆಯ ರೈಡರು ಮಾತ್ರ ಅಂಕಣದ ಹೊರಗಿನಿಂದಲೇ ಕೂಗುತ್ತಿದ್ದರು: ‘ಮುಂಚೆ ಬಗ್ದೆ ಕಣೋ! ಮುಂಚೆ ಬಗ್ದೆ!’

ಅಕ್ಟೋಬರ್ ಕೊನೆಯ ವಾರ ದೆಹಲಿಯಲ್ಲಿ ಪ್ಲೇಆಫ್. ಹಿಂದಿನ ವರ್ಷ ತಳದಲ್ಲಿದ್ದ ಬುಲ್ಸ್ ಆ ಸಲ ಮೊದಲ ನಾಲ್ಕರಲ್ಲಿತ್ತು. ಎದುರಿಗೆ ತೆಲುಗು ಟೈಟನ್ಸ್. ಅದರ ಕಡೆ ಭರತ್. ಹೌದು, ಪವನನ ಜಾಗ ತುಂಬಿದ್ದ ಅದೇ ಭರತ್. ನಂದಗುಡಿಯ ಟೀ ಅಂಗಡಿ ಆ ರಾತ್ರಿ ಎರಡು ಪಾಲಾಯಿತು. ಮನೆಯಲ್ಲಿ ತೆಲುಗು ಮಾತಾಡುವವರೆಲ್ಲ ಟೈಟನ್ಸ್ ಕಡೆ ಎಂದುಕೊಂಡರೆ ತಪ್ಪು. ತೆಲುಗಿನಲ್ಲೇ ಬುಲ್ಸ್‌ಗೆ ಜೈ ಎನ್ನುವವರಿದ್ದರು, ಭರತನ ಮೇಲಿನ ಹಳೆಯ ಪ್ರೀತಿಗೆ ಆ ಕಡೆ ಸೇರಿದ ಅಚ್ಚಗನ್ನಡದವರಿದ್ದರು. ಬುಲ್ಸ್ ಸೋತಿತು, ಉಳಿದಿದ್ದ ಇನ್ನೊಂದು ಅವಕಾಶವನ್ನೂ ಪಟ್ನಾ ಎದುರು ಕಳೆದುಕೊಂಡಿತು. ಕಪ್ ದಬಂಗ್ ಡೆಲ್ಲಿಯ ಪಾಲಾಯಿತು.

ಮರುದಿನದ ಟೀ ಹೊತ್ತಿಗೆ ಜಗಳವಿದ್ದದ್ದು ಸೋಲಿನ ಬಗ್ಗೆ ಆಗಿರಲಿಲ್ಲ. ಅಲಿಯನ್ನು ಉಳಿಸಿಕೊಳ್ಳಬೇಕು, ಎಷ್ಟೇ ಆಗಲಿ. ಗಣೇಶನಿಗೆ ಇನ್ನೂ ಹೆಚ್ಚು ರೈಡ್ ಕೊಡಬೇಕು. ಮೇಲಾಗಿ ಪಂದ್ಯ ಬೆಂಗಳೂರಿಗೆ ಬರಬೇಕು. 2023ರ ಡಿಸೆಂಬರಿನಲ್ಲಿ ಕಂಠೀರವ ಒಳಾಂಗಣದಲ್ಲಿ ಆಡಿದ ಮೇಲೆ 11ನೇ ಆವೃತ್ತಿ ಹೈದರಾಬಾದ್, ನೋಯಿಡಾ, ಪುಣೆಯಲ್ಲಿ ಮುಗಿಯಿತು. 12ನೆಯದು ವಿಶಾಖಪಟ್ಟಣ, ಜೈಪುರ, ಚೆನ್ನೈ, ದೆಹಲಿಯಲ್ಲಿ. ಕಪ್ ಗೆದ್ದ 2018ರಲ್ಲೂ ಬುಲ್ಸ್‌ನ ತವರು ಪಂದ್ಯಗಳು ನಡೆದದ್ದು ಪುಣೆಯಲ್ಲಿ. ಇಷ್ಟು ನಿಷ್ಠೆಯ ಜನಕ್ಕೆ ತಮ್ಮ ತಂಡವನ್ನು ಕಣ್ಣೆದುರು ಕಾಣುವ ಭಾಗ್ಯ ಇಷ್ಟು ವಿರಳವಾಗಿರುವುದು ಅನ್ಯಾಯ.

‘ಕಂಠೀರವಕ್ಕೆ ಬಂದ್ರೆ ಟೆಂಪೋ ಮಾಡ್ಕೊಂಡ್ ಹೋಗಾದೆ’ ಎಂದ ಹಾಲಿನ ಗಾಡಿಯವನು. ಹೆಸರು ಬರೆಯಲು ಅಂಗಡಿಯವರು ಲೆಕ್ಕದ ಪುಸ್ತಕದ ಹಿಂದಿನ ಹಾಳೆ ಬಿಚ್ಚಿ ಕೊಟ್ಟರು. ಪಿಯುಸಿ ಹುಡುಗನ ಹೆಸರು ಮೊದಲು ಬಿತ್ತು. ಟೆಂಪೋದಲ್ಲಿ ಮಂಡಿ ಮಡಚಿ ಕೂರಲಾಗದ ಹಳೆಯ ರೈಡರಿಗೆ ಡ್ರೈವರ್ ಪಕ್ಕದ ಸೀಟು ಎಂದು ತೀರ್ಮಾನವಾಯಿತು.